ಮುತ್ತಜ್ಜ ಯಾರಿಗೆ ಕಂದಾಯ ಕಟ್ಟಿದ?

ಕೊಳ್ಳೇಗಾಲದ ಕಡೆಯ ಒಂದು ರೈತ ಕುಟುಂಬ ಅಂದುಕೊಳ್ಳಿ. ಆ ಮನೆಯ ಹುಡುಗನಿಗೆ ತನ್ನ ಮುತ್ತಜ್ಜನ ಕಾಲದ ಸರ್ಕಾರಿ ಕಾಗದ ನೋಡಬೇಕು ಅನ್ನೋ ಆಸೆ. ತಾಲ್ಲೂಕು ಕಚೇರಿಯಲ್ಲಿ ಸಿಕ್ಕಿದ್ದು ಸಿಕ್ಕಿತು. ಅದಕ್ಕಿಂತ ಮೇಲಿನ ಹಂತದ ಕಡತ ಬೇಕು. ಎಲ್ಲಿಗೆ ಹೋಗಬೇಕು? ಮೈಸೂರು ಪಕ್ಕದಲ್ಲೇ ಇದೆ, ಅಲ್ಲಿಗಾ? ಅಲ್ಲ. ಬೆಂಗಳೂರಿಗಾ? ಅದೂ ಅಲ್ಲ. ಅವನು ಮೊದಲು ರೈಲು ಹತ್ತಬೇಕಾದ್ದು ಚೆನ್ನೈಗೆ. ಅಲ್ಲಿನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ.

ಯಾಕೆ ಅಂದ್ರೆ, ಇವತ್ತು ಚಾಮರಾಜನಗರ ಜಿಲ್ಲೆಯಲ್ಲಿರುವ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಯಮತ್ತೂರು ಮದ್ರಾಸ್ ಪ್ರೆಸಿಡೆನ್ಸಿಯದ್ದು. ಮನೆಯಲ್ಲಿ ಕನ್ನಡ, ಜಾತ್ರೆಗೆ ಮಾದಪ್ಪನ ಬೆಟ್ಟ, ಸಂಬಂಧ ಬೆಳೆಸೋದು ಮೈಸೂರಿನ ಕಡೆ. ಆದರೆ ಕಂದಾಯ ಹೋಗ್ತಿದ್ದದ್ದು ಮದ್ರಾಸಿಗೆ. ಕಂದಾಯ ಎಲ್ಲಿಗೆ ಹೋಯಿತೋ ಕಾಗದವೂ ಅಲ್ಲಿಗೇ ಹೋಯಿತು.

ಪ್ರತಿ ನವೆಂಬರ್ 1ಕ್ಕೆ ನಾವು ಟೀವಿಯವರು ಏಕೀಕರಣದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಬಾವುಟ ಹಾರಿಸ್ತೀವಿ, ಹಾಡು ಹಾಕ್ತೀವಿ. ಅಂಥ ಕಾರ್ಯಕ್ರಮಗಳಾದ ಮೇಲೆ ವೀಕ್ಷಕರು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತೆ: "ನಮ್ಮ ಮನೆತನದ ಇತಿಹಾಸ ಹುಡುಕೋದು ಹೇಗೆ? ಎಲ್ಲಿ ಸಿಗುತ್ತೆ? ಆನ್‌ಲೈನ್‌ನಲ್ಲಿ ಇದೆಯಾ?" ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಏಕೀಕರಣದ ಬಗ್ಗೆ ನಾವು ಹೇಳದೇ ಬಿಡುವ ಒಂದು ಸಂಗತಿಯಿಂದಲೇ ಶುರು ಮಾಡಬೇಕು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಕನ್ನಡಿಗರ ಕಾಗದ ಒಂದಾಗಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದವರು ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡರು. ನಡುವಿನ ಭಾಗ ಒಡೆಯರ ಮೈಸೂರು ಆಯಿತು. ಕರಾವಳಿಯ ಕೆನರಾ ಕಂಪನಿ ಸರ್ಕಾರಕ್ಕೆ, ಅಂದರೆ ಮದ್ರಾಸಿಗೆ ಹೋಯಿತು. ಮರುವರ್ಷ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿಯೂ ಮದ್ರಾಸಿಗೆ ಸೇರಿತು. 1818ರಲ್ಲಿ ಪೇಶ್ವೆಗಳು ಸೋತಾಗ ಧಾರವಾಡ, ಬೆಳಗಾವಿ ಕಡೆಯ ನಾಡು ಬೊಂಬಾಯಿಗೆ ಹೋಯಿತು. 1834ರಲ್ಲಿ ಕೊಡಗನ್ನು ಕಂಪನಿ ನುಂಗಿತು, ಆದರೆ ಯಾವ ಪ್ರೆಸಿಡೆನ್ಸಿಗೂ ಸೇರಿಸದೆ ಬೇರೆಯಾಗೇ ಇಟ್ಟಿತು. ಕಲಬುರಗಿ, ಬೀದರ್, ರಾಯಚೂರು ಹೈದರಾಬಾದಿನ ನಿಜಾಮನ ಕೈಯಲ್ಲೇ ಉಳಿದವು. ಇವುಗಳ ನಡುನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರಿನಂಥ ಪುಟ್ಟ ಸಂಸ್ಥಾನಗಳು.

ಇದು ಪರೀಕ್ಷೆಗೆ ಬಾಯಿಪಾಠ ಮಾಡುವ ಪಟ್ಟಿ ಅಂದುಕೊಳ್ಳಬೇಡಿ. ನಿಮ್ಮ ಮನೆತನ ಹುಡುಕುವ ಕೆಲಸಕ್ಕೆ ಇದೇ ನಕ್ಷೆ. ಮಂಗಳೂರಿನವರು ಮದ್ರಾಸಿನ ಕಡತ ನೋಡಬೇಕು. ಕಾರವಾರ, ಶಿರಸಿ, ಕುಮಟೆಯವರಿಗೆ ಎರಡು ಊರು. 1862ರವರೆಗೆ ಉತ್ತರ ಕನ್ನಡವೂ ಮದ್ರಾಸಿನಲ್ಲಿತ್ತು, ಆಮೇಲೆ ಬೊಂಬಾಯಿಗೆ ಹೋಯಿತು. ಧಾರವಾಡದವರಿಗೆ ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರ. ಇನ್ನೂ ಹಿಂದಕ್ಕೆ, ಪೇಶ್ವೆಗಳ ಕಾಲಕ್ಕೆ ಹೋಗಬೇಕಾದರೆ ಪುಣೆಯ ಪೇಶ್ವೆ ದಫ್ತರ. ಕಲಬುರಗಿಯವರಿಗೆ ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ಪತ್ರಾಗಾರ. ಹಳೇ ಮೈಸೂರಿನವರಿಗೆ ಮಾತ್ರ ಮನೆ ಹತ್ತಿರ: ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ, ಮೈಸೂರಿನಲ್ಲಿರುವ ಅದರ ವಿಭಾಗೀಯ ಕಚೇರಿ. ಏಕೀಕರಣದ ನಂತರ ಒಂದಷ್ಟು ಕಡತ ಈ ಕಡೆ ಬಂದಿರಬಹುದು. ಆದರೆ ಹುಡುಕಾಟದ ದಿಕ್ಕು ತಿಳಿಯಬೇಕಾದರೆ ಹಳೇ ಗಡಿ ಗೊತ್ತಿರಲೇಬೇಕು.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಒಂದು ಪಾಠ ಚೆನ್ನಾಗಿ ತಲೆಗೆ ಹತ್ತಿತ್ತು. ಯಾವ ಡೇಟಾ ಕೈಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಯಾರು ಯಾಕೆ ಕಲೆಹಾಕಿದರು ಅನ್ನೋದು. ಸರ್ಕಾರ ನಿಮ್ಮ ಮುತ್ತಜ್ಜನ ಹೆಸರು ಬರೆದಿಟ್ಟದ್ದು ಅವನ ಮೇಲಿನ ಪ್ರೀತಿಯಿಂದಲ್ಲ. ಅವನ ಹತ್ತಿರ ದುಡ್ಡು ವಸೂಲಿ ಮಾಡಬೇಕಿತ್ತು. ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ "ನಮ್ಮ ಮೂಲ ಯಾವುದು" ಅಂತ ಅಲ್ಲ. "ನಮ್ಮ ಮುತ್ತಜ್ಜ ಯಾರಿಗೆ ಕಂದಾಯ ಕಟ್ಟಿದ?"

ಈ ಪ್ರಶ್ನೆಗೆ ಕೆಲವೊಮ್ಮೆ "ಸರ್ಕಾರಕ್ಕೆ" ಅನ್ನೋದು ಉತ್ತರವೇ ಅಲ್ಲ. ಹಳೇ ಮೈಸೂರಿನಲ್ಲಿ ಎಷ್ಟೋ ಇನಾಂ ಹಳ್ಳಿಗಳಿದ್ದವು. ಅಲ್ಲಿ ಕಂದಾಯ ಹೋಗ್ತಿದ್ದದ್ದು ಇನಾಂದಾರನಿಗೆ, ಮಠಕ್ಕೆ ಅಥವಾ ದೇವಸ್ಥಾನಕ್ಕೆ. 1950ರ ದಶಕದ ಇನಾಂ ರದ್ದತಿ ಕಾನೂನುಗಳವರೆಗೆ ಹೀಗೇ ನಡೆಯಿತು. ಹೈದರಾಬಾದ್ ಸೀಮೆಯಲ್ಲಿ ಜಹಗೀರುಗಳಿದ್ದವು, 1949ರಲ್ಲಿ ಅವು ರದ್ದಾದವು. ಅಂಥ ಹಳ್ಳಿಗಳ ಹಳೇ ಲೆಕ್ಕಪುಸ್ತಕ ತಹಸೀಲ್ದಾರರ ಕಚೇರಿಯಲ್ಲಿ ಸಿಗದಿದ್ದರೆ ಆಶ್ಚರ್ಯ ಪಡಬೇಡಿ. ಅದು ಮಠದ ಕೋಣೆಯಲ್ಲಿರಬಹುದು, ಇನಾಂದಾರರ ವಂಶಸ್ಥರ ಅಟ್ಟದ ಮೇಲಿರಬಹುದು.

ಈಗ ಕೆಲಸಕ್ಕೆ ಬರೋಣ. ಶುರು ಮಾಡಬೇಕಾದ್ದು ಚೆನ್ನೈನಲ್ಲೂ ಅಲ್ಲ, ಮುಂಬೈನಲ್ಲೂ ಅಲ್ಲ, ಮನೆಯ ಟ್ರಂಕಿನಲ್ಲಿ. ಹಳೇ ಕ್ರಯಪತ್ರ, ಕಂದಾಯದ ರಸೀದಿ, ಲಗ್ನಪತ್ರಿಕೆ, ಪಿಂಚಣಿ ಕಾಗದ, ರೇಷನ್ ಕಾರ್ಡು, ಹಿಂದೆ ಹೆಸರು ಬರೆದಿರುವ ಫೋಟೋ. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ನಮ್ಮ ಮೂಲ ಊರು ಯಾವುದು? ಮನೆದೇವರು ಯಾವುದು, ಎಲ್ಲಿದೆ? ನಮ್ಮವರು ಆ ಊರು ಬಿಟ್ಟದ್ದು ಯಾಕೆ? ಮನೆದೇವರ ಪ್ರಶ್ನೆಯನ್ನು ಬಿಡಬೇಡಿ. ಊರು ಬಿಟ್ಟವರು ಹೊಲ ಬಿಡ್ತಾರೆ, ಮನೆ ಬಿಡ್ತಾರೆ, ಮನೆದೇವರನ್ನು ಬಿಡೋದು ಕಡಿಮೆ. ನೂರಾರು ಕಿಲೋಮೀಟರ್ ದೂರದ ದೇವರಿಗೆ ನಿಮ್ಮ ಮನೆಯವರು ಹರಕೆ ಕಟ್ಟುತ್ತಾ ಬಂದಿದ್ದರೆ ವಲಸೆಯ ಒಂದು ಸುಳಿವು ಅಲ್ಲಿರಬಹುದು.

ಎರಡನೇ ನಿಲ್ದಾಣ ಶಾಲೆ. ಹಳ್ಳಿಯ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ವಿದ್ಯಾರ್ಥಿಯ ಹೆಸರಿನ ಜೊತೆ ತಂದೆ ಅಥವಾ ಪೋಷಕರ ಹೆಸರು, ಊರು, ಜಾತಿ, ಸೇರಿದ ದಿನ ಇರುತ್ತೆ. ಹುಟ್ಟಿದ ದಿನಾಂಕವನ್ನು ಮಾತ್ರ ಪೂರ್ತಿ ನಂಬಬೇಡಿ. ನಮ್ಮ ಹಿರಿಯರಲ್ಲಿ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದ್ದಾರೆ ನೋಡಿ! ಅದು ಹೆತ್ತವರು ಹೇಳಿದ ದಿನ ಅಲ್ಲ, ಶಾಲೆ ಶುರುವಾಗುವ ಲೆಕ್ಕಕ್ಕೆ ಮೇಷ್ಟ್ರು ಬರೆದುಕೊಂಡ ದಿನ.

ಮೂರನೆಯದು ತಾಲ್ಲೂಕು ಕಚೇರಿ. ಇದೇ ನಿಜವಾದ ಗಣಿ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು ಅಂತ ನಾವೆಲ್ಲ ಓದಿದ್ದೀವಿ. ಆದರೆ ಕಂಪ್ಯೂಟರ್ ಪಹಣಿ ಹೇಳೋದು ಇತ್ತೀಚಿನ ಕಥೆ. ಅದರ ಹಿಂದೆ ಕೈಬರಹದ ಪಹಣಿ ಇದೆ. ಅದರ ಹಿಂದೆ ಮ್ಯುಟೇಶನ್ ರಿಜಿಸ್ಟರ್, ಹಕ್ಕು ದಾಖಲೆ, ಆಕಾರ್‌ಬಂದ್, ಸರ್ವೆ ಟಿಪ್ಪಣಿ. ಬೊಂಬಾಯಿ ಸೀಮೆಯಲ್ಲಿ ಹೊಲಕ್ಕೆ ನಂಬರು ಹಾಕುವ ಸರ್ವೆ 1830ರ ದಶಕದಲ್ಲಿ ರೂಪುಗೊಂಡು ಆಮೇಲೆ ಕನ್ನಡ ಜಿಲ್ಲೆಗಳಿಗೆ ಬಂತು. ಮೈಸೂರಿನಲ್ಲಿ ಅದು 1863ರಲ್ಲಿ ಶುರುವಾಯಿತು. ನಿಮ್ಮ ಹೊಲದ ಸರ್ವೆ ನಂಬರಿಗೆ ನೂರೈವತ್ತು ವರ್ಷದ ವಯಸ್ಸಿರಬಹುದು. ಹೆಸರು ಬದಲಾಗುತ್ತೆ, ಕಾಗುಣಿತ ಬದಲಾಗುತ್ತೆ, ಜಿಲ್ಲೆಯೇ ಬದಲಾಗುತ್ತೆ. ಸರ್ವೆ ನಂಬರು ಅಷ್ಟು ಸುಲಭವಾಗಿ ಬದಲಾಗಲ್ಲ. ಆ ನಂಬರನ್ನು ದಾರದ ಹಾಗೆ ಹಿಡಿದುಕೊಂಡು ಹಿಂದಕ್ಕೆ ನಡೀಬೇಕು.

ಇವುಗಳಲ್ಲಿ ಪೌತಿ ಖಾತೆಯ ನಮೂದು ಬಹಳ ಬೆಲೆ ಬಾಳುವಂಥದ್ದು. ಖಾತೆದಾರ ತೀರಿಕೊಂಡ ಮೇಲೆ ಹೊಲ ಯಾರ ಹೆಸರಿಗೆ ಹೋಯಿತು ಅನ್ನೋ ದಾಖಲೆ ಅದು. ಒಂದೇ ಕಡೆ ಸತ್ತವರ ಹೆಸರು, ಉಳಿದವರ ಹೆಸರು, ಸಂಬಂಧ ಸಿಗುತ್ತೆ. ಆದರೆ ಪೌತಿ ಖಾತೆ ಮಾಡಿಸದ ಮನೆಗಳೂ ಬೇಕಾದಷ್ಟಿವೆ. ಇವತ್ತಿಗೂ ಎಷ್ಟೋ ಪಹಣಿಗಳು ಯಾವತ್ತೋ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇವೆ. ಕಾನೂನಿನ ದೃಷ್ಟಿಯಿಂದ ಅದು ತಲೆನೋವು, ವಂಶ ಹುಡುಕುವವನಿಗೆ ಅದೇ ಸುಳಿವು.

ನಾಲ್ಕನೆಯದು ಉಪನೋಂದಣಾಧಿಕಾರಿ ಕಚೇರಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳ ನಕಲು ಒಂದನೇ ಪುಸ್ತಕದಲ್ಲಿ ಇರಬೇಕು. ಅದಕ್ಕೆ ಒಂದು ಸೂಚಿ ವ್ಯಕ್ತಿಗಳ ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ. ಶುಲ್ಕ ಕಟ್ಟಿದರೆ ಅವನ್ನು ನೋಡುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ಕಾವೇರಿ ಪೋರ್ಟಲ್‌ನಲ್ಲಿ ಸಿಗುವುದು ಈಚಿನ ವರ್ಷಗಳದ್ದು. ಅದಕ್ಕಿಂತ ಹಿಂದಿನದ್ದಕ್ಕೆ ಕಚೇರಿಗೇ ಹೋಗಬೇಕು, ಧೂಳು ಕುಡೀಬೇಕು.

ಹಳೇ ಕಾಗದ ಕೈಗೆ ಬಂದ ಮೇಲೆ ಮುಂದಿನ ಗೋಡೆ ಎದುರಾಗುತ್ತೆ: ಓದಕ್ಕೆ ಬರಲ್ಲ. ಬೆಳಗಾವಿ, ಧಾರವಾಡ ಕಡೆಯ ಹಳೇ ಕಾಗದ ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ ಇರಬಹುದು. ಲೇಖನಿ ಎತ್ತದೆ ಬರೆದುಕೊಂಡು ಹೋಗುವ ಅಕ್ಷರ ಅದು. ಮರಾಠಿ ಬಲ್ಲವರಿಗೂ ಓದಲು ಬರೋದಿಲ್ಲ. ಮಹಾರಾಷ್ಟ್ರದಲ್ಲಿ ಮೋಡಿ ಕಲಿಸುವ ತರಗತಿಗಳು ನಡೆಯುತ್ತವೆ, ಓದಿಕೊಡುವವರೂ ಸಿಗುತ್ತಾರೆ. ನಿಜಾಮನ ಸೀಮೆಯಲ್ಲಿ ಮೊದಲು ಪಾರಸಿ, 19ನೇ ಶತಮಾನದ ಕೊನೆಯ ಹೊತ್ತಿಗೆ ಉರ್ದು. ಬೀದರಿನ ಕನ್ನಡ ರೈತನ ಹೆಸರು ಉರ್ದುವಿನಲ್ಲಿ ಹೇಗೆ ಬರೆದಿದ್ದಾರೆ ಅಂತ ಊಹಿಸಿ ಓದಬೇಕು. ಹಳೇ ಮೈಸೂರಿನಲ್ಲಿ ಕನ್ನಡವೇ ಇತ್ತು, ಆದರೆ ಶ್ಯಾನುಭೋಗರ ಕೈಬರಹವೇ ಒಂದು ಬೇರೆ ಲಿಪಿ! ಇನ್ನೂ ಹಿಂದಿನದ್ದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದು, ಬೀಸಣಿಗೆಯ ಹಾಗೆ ಮಡಚಿಟ್ಟ ಪುಸ್ತಕ. ನಾವಿವತ್ತು ಆಫೀಸಿನಲ್ಲಿ 'ಕಡತ' ಅಂತೀವಲ್ಲ, ಆ ಮಾತು ಬಂದಿರೋದು ಅಲ್ಲಿಂದ.

ತಾರೀಖೂ ಕೈಕೊಡುತ್ತೆ. ಕಂದಾಯದ ಕಾಗದದಲ್ಲಿ ಫಸಲಿ ವರ್ಷ ಇರುತ್ತೆ. ಅದಕ್ಕೆ 590 ಸೇರಿಸಿ. ಫಸಲಿ 1330 ಅಂದರೆ 1920-21. ಮನೆಯ ಕಾಗದದಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಇನ್ನೂ ಹುಷಾರಾಗಿರಬೇಕು, ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ರಕ್ತಾಕ್ಷಿ ಸಂವತ್ಸರ 1864-65ರಲ್ಲೂ ಬಂತು, 1924-25ರಲ್ಲೂ ಬಂತು. ಇದನ್ನು ಗಮನಿಸದಿದ್ದರೆ ಅಜ್ಜ ಮೊಮ್ಮಗ ಒಬ್ಬನೇ ಆಗಿಬಿಡ್ತಾನೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿ ನಮ್ಮದು ಬೇರೆ!

ಇಲ್ಲಿಯವರೆಗೆ ಹೇಳಿದ್ದು ಹೊಲ ಇದ್ದವರ ಕಥೆ. ಈಗ ಕಷ್ಟದ ಪ್ರಶ್ನೆ. ಕಂದಾಯ ಕಟ್ಟದವರು ಏನಾದರು? ಹೊಲವೇ ಇಲ್ಲದವರು, ಗೇಣಿಗೆ ಉಳುಮೆ ಮಾಡಿದವರು, ಹೆಂಗಸರು, ಊರಾಚೆ ಇಟ್ಟವರು?

ಇಂಗ್ಲೆಂಡಿನಲ್ಲಾದರೆ ಜನಗಣತಿ ಕೈಹಿಡಿಯುತ್ತೆ. ಅಲ್ಲಿ 1841ರಿಂದ ಮನೆಮನೆಯ ಗಣತಿ ಹಾಳೆ ಉಳಿದಿದೆ. 1921ರ ಹಾಳೆಗಳನ್ನು 2022ರಲ್ಲಿ ಆನ್‌ಲೈನ್‌ನಲ್ಲಿ ತೆರೆದಿಟ್ಟರು. ಕೂಲಿಯವನೂ ಅಲ್ಲಿದ್ದಾನೆ, ಮನೆಗೆಲಸದ ಹುಡುಗಿಯೂ ಇದ್ದಾಳೆ. ನಮ್ಮಲ್ಲೂ ಎಣಿಸಿದರು. ಮೈಸೂರಿನಲ್ಲಿ 1871ರಲ್ಲಿ ಎಣಿಸಿದರು, 1881ರಲ್ಲಿ ಮತ್ತೆ ಎಣಿಸಿದರು. ಆದರೆ ಒಟ್ಟು ಲೆಕ್ಕ ಅಚ್ಚಾದ ಮೇಲೆ ಮನೆಮನೆಯ ಹಾಳೆಯ ಕೆಲಸ ಮುಗಿಯಿತು. ಹೆಸರು ಹೋಯಿತು, ಅಂಕಿ ಉಳಿಯಿತು.

ಆ ಅಂಕಿಯನ್ನೇ ಒಮ್ಮೆ ನೋಡಿ. 1871ರಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು 50.5 ಲಕ್ಷ. ಹತ್ತು ವರ್ಷದ ನಂತರ ಸುಮಾರು 41.8 ಲಕ್ಷ. ಜನಸಂಖ್ಯೆ ಬೆಳೆಯೋದು ಬಿಡಿ, 8.7 ಲಕ್ಷ ಜನ ಲೆಕ್ಕದಿಂದಲೇ ಇಲ್ಲ. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗಿನದ್ದು. ಸತ್ತವರಲ್ಲಿ ಬಹುಪಾಲು ಬಡವರು, ಕೂಲಿಯವರು. ಅವರ ಹೆಸರು ಯಾವ ಪತ್ರಾಗಾರದಲ್ಲೂ ಸಾಲಾಗಿ ಬರೆದಿಟ್ಟಿಲ್ಲ. ಹಳೇ ಮೈಸೂರು ಸೀಮೆಯ ಯಾವುದೇ ಮನೆತನದ ಎಳೆ ಹಿಡಿದು ಹೋದರೂ ಈ ಎರಡು ವರ್ಷದ ಹತ್ತಿರ ಅದು ತುಂಡಾಗುವ ಸಾಧ್ಯತೆ ಜಾಸ್ತಿ. ನಿಮ್ಮ ಹಿರಿಯರು "ಬರಗಾಲದಲ್ಲಿ ಬಂದವರು" ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ ಆ ಮಾತನ್ನು ಹಗುರಾಗಿ ತಗೋಬೇಡಿ.

ಹಾಗಂತ ಹೊಲವಿಲ್ಲದವರ ಹೆಸರು ಎಲ್ಲೂ ಇಲ್ಲ ಅಂತಲ್ಲ. ಬೇರೆ ಕಪಾಟಿನಲ್ಲಿದೆ, ಅಷ್ಟೇ. ಹಳ್ಳಿಯಲ್ಲಿ ತೋಟಿ, ತಳವಾರ, ನೀರಗಂಟಿ ಕೆಲಸ ಮಾಡುತ್ತಿದ್ದ ಮನೆತನಗಳಿಗೆ ಚಾಕರಿ ಇನಾಮಿನ ತುಂಡು ಜಮೀನು ಇರುತ್ತಿತ್ತು. ಅದರ ಲೆಕ್ಕ ಇನಾಮ್ತಿ ರಿಜಿಸ್ಟರಿನಲ್ಲಿರುತ್ತೆ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಾದ ಮೇಲೆ ಆ ಜಮೀನು ಯಾರಿಗೆ ಮರುಮಂಜೂರಾಯಿತು ಅನ್ನೋ ಕಡತ ಬೇರೆ ಇದೆ. ಎಷ್ಟೋ ದಲಿತ ಕುಟುಂಬಗಳ ಎರಡು ಮೂರು ತಲೆಮಾರಿನ ಹೆಸರು ಸಿಗೋದು ಅಲ್ಲೇ.

ಗೇಣಿದಾರರ ಹೆಸರು ಬೇಕಾದರೆ 1974ಕ್ಕೆ ಬನ್ನಿ. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಜಾರಿಯಾದ ವರ್ಷ. ಉಳುವವನು ನಾನು, ಈ ಹೊಲದ ಹಕ್ಕು ನನ್ನದು ಅಂತ ಹೇಳಿಕೊಂಡು ಭೂನ್ಯಾಯ ಮಂಡಳಿಗೆ ಕೊಟ್ಟ ಅರ್ಜಿಗೆ ನಮೂನೆ 7 ಅಂತ ಹೆಸರು. ತಲೆತಲಾಂತರ ಒಂದೇ ಹೊಲ ಉತ್ತರೂ ಯಾವ ಪುಸ್ತಕದಲ್ಲೂ ಹೆಸರಿಲ್ಲದ ಮನುಷ್ಯ ಸರ್ಕಾರದ ಎದುರು ಮೊದಲ ಸಲ ತನ್ನ ಹೆಸರು, ಅಪ್ಪನ ಹೆಸರು, ಎಷ್ಟು ವರ್ಷದಿಂದ ಉಳುತ್ತಿದ್ದೇನೆ ಅನ್ನೋದನ್ನು ಬರೆಸಿದ ಕಾಗದ ಅದು. ಕರಾವಳಿಯ, ಮಲೆನಾಡಿನ ಎಷ್ಟೋ ಮನೆಗಳಿಗೆ ಈ ನಮೂನೆ 7 ಬರೀ ಅರ್ಜಿಯಲ್ಲ, ಚರಿತ್ರೆಯ ಮೊದಲ ಪುಟ. ಅದು ಇರುವುದು ದೂರದ ಪತ್ರಾಗಾರದಲ್ಲಲ್ಲ, ನಿಮ್ಮ ತಾಲ್ಲೂಕಿನ ರೆಕಾರ್ಡ್ ರೂಮಿನಲ್ಲಿ. ಹುಳ ಹಿಡಿಯುವ ಮೊದಲು ನಕಲು ತೆಗೆಸಿ.

ಹೆಣ್ಣು ಮಕ್ಕಳ ಹೆಸರು? ಹಳೇ ಮೈಸೂರಿನ ಕಾಗದದಲ್ಲಿ 'ಬಿನ್' ಅಂದರೆ ಮಗ, 'ಕೋಂ' ಅಂದರೆ ಹೆಂಡತಿ. ಉತ್ತರ ಕರ್ನಾಟಕದಲ್ಲಿ ಹೆಸರಿನ ಮುಂದೆ 'ತಂದೆ' ಅಥವಾ 'ಗಂಡ' ಅಂತ ಬರೀತಾರೆ. ಹೆಣ್ಣಿನ ಹೆಸರು ಬರುವುದೇ ಗಂಡ ಸತ್ತು ಹೊಲ ಅವಳ ಹೆಸರಿಗೆ ಬಂದಾಗ, ಇಲ್ಲವೇ ಅವಳು ಏನಾದರೂ ಮಾರಿದಾಗ. ಮಗಳಾಗಿ ಅವಳಿಲ್ಲ, ವಿಧವೆಯಾಗಿ ಇದ್ದಾಳೆ. ಹಾಗಾಗಿ 'ಕೋಂ' ಅಂತ ಕಂಡ ಕಡೆಯೆಲ್ಲ ನಿಂತು ಓದಿ.

ತುಳುನಾಡಿಗೆ ಹೋದರೆ ಲೆಕ್ಕ ತಲೆಕೆಳಗು. ಅಳಿಯಸಂತಾನದ ಕುಟುಂಬಗಳಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತೆ. ಅಲ್ಲಿ ಅಪ್ಪನ ಹೆಸರು ಹಿಡಿದು ಹಿಂದಕ್ಕೆ ಹೋದರೆ ದಾರಿ ಸಿಗಲ್ಲ. ಸೋದರಮಾವನ ಹೆಸರು, ಅಜ್ಜಿಯ ಹೆಸರು, ತರವಾಡಿನ ಹೆಸರು ಹಿಡೀಬೇಕು. ಒಂದೇ ರಾಜ್ಯದ ಎರಡು ಜಿಲ್ಲೆಯಲ್ಲಿ ವಂಶವೃಕ್ಷ ಎರಡು ದಿಕ್ಕಿಗೆ ಬೆಳೆಯುತ್ತೆ ಅನ್ನೋದನ್ನು ವಿದೇಶಿ ವೆಬ್‌ಸೈಟುಗಳ ಸಿದ್ಧ ನಮೂನೆಗಳು ಹೇಳಿಕೊಡಲ್ಲ.

ಸರ್ಕಾರ ಬರೆಯದೇ ಬಿಟ್ಟದ್ದನ್ನು ಬೇರೆಯವರು ಬರೆದರು. ಉತ್ತರ ಕರ್ನಾಟಕದ ವೀಕ್ಷಕರಿಗೆ ಹೆಳವರ ಬಗ್ಗೆ ನಾನು ಹೇಳಬೇಕಾಗಿಲ್ಲ. ಸುಗ್ಗಿಯಾದ ಮೇಲೆ ಎತ್ತು ಹೊಡೆದುಕೊಂಡು ಊರಿಗೆ ಬರ್ತಾರೆ. ಮನೆ ಮುಂದೆ ನಿಂತು ಆ ಮನೆತನದ ಮೂಲ, ಬೆಡಗು, ತಲೆಮಾರುಗಳ ಹೆಸರು ಒಂದೊಂದಾಗಿ ಹೇಳ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ತಾರೆ. ಕಾಳು, ಬಟ್ಟೆ, ದಕ್ಷಿಣೆ ಪಡೆದು ಮುಂದಿನ ಮನೆಗೆ ಹೋಗ್ತಾರೆ. ಒಬ್ಬೊಬ್ಬ ಹೆಳವರ ಮನೆಗೆ ಇಂತಿಂಥ ಊರು, ಇಂತಿಂಥ ಒಕ್ಕಲು ಅಂತ ಹಂಚಿಕೆ ಇರುತ್ತೆ. ನೋಡಿ, ಯಾವ ಸರ್ವರೂ ಇಲ್ಲದೆ, ಕರೆಂಟೂ ಇಲ್ಲದೆ, ಪ್ರತಿ ವರ್ಷ ಮನೆಬಾಗಿಲಿಗೇ ಬಂದು ಅಪ್‌ಡೇಟ್ ಮಾಡಿಕೊಳ್ಳುವ ವ್ಯವಸ್ಥೆ! ಇವತ್ತು ಹೆಳವರ ಮಕ್ಕಳು ಬೇರೆ ಕೆಲಸ ಹಿಡೀತಿದ್ದಾರೆ. ಹಿಡೀಬೇಕು ಕೂಡ, ಒಂದು ಸಮುದಾಯ ಶಾಶ್ವತವಾಗಿ ಮನೆಮನೆ ಮುಂದೆ ನಿಂತು ಬೇಡಲಿ ಅಂತ ನಾವು ಬಯಸೋದು ಸರಿಯಲ್ಲ. ಆದರೆ ಅವರ ಹೊತ್ತಿಗೆ, ಅವರ ಬಾಯಲ್ಲಿರುವ ಪಾಠ ಅವರ ಜೊತೆಗೇ ಹೋಗಬಾರದು. ನಿಮ್ಮ ಮನೆಯ ಹೆಳವರು ಈ ಸಲ ಬಂದರೆ ಕಾಳು ಕೊಟ್ಟು ಕಳಿಸಬೇಡಿ. ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಆ ವಿದ್ಯೆಗೆ ತಕ್ಕ ಸಂಭಾವನೆ ಕೊಡಿ.

ಯಾತ್ರಾಸ್ಥಳಗಳ ಪುರೋಹಿತರ ವಹಿಗಳೂ ಇಂಥವೇ. ಪಂಢರಪುರ, ತ್ರ್ಯಂಬಕೇಶ್ವರ, ಗಯೆಗೆ ಹೋದ ಯಾತ್ರಿಕರ ಊರು, ಹೆಸರು, ಜೊತೆಗೆ ಬಂದವರು, ಯಾರ ಶ್ರಾದ್ಧಕ್ಕೆ ಬಂದರು ಅನ್ನೋದನ್ನು ಅಲ್ಲಿನ ಮನೆತನಗಳು ಬರೆದಿಟ್ಟುಕೊಂಡು ಬಂದಿವೆ. ಹರಿದ್ವಾರದ ಇಂಥ ವಹಿಗಳ ಚಿತ್ರಗಳು ಅಮೆರಿಕದ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕರಾವಳಿಯ ಕ್ರೈಸ್ತರಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪತ್ರಗಳು, ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಫೋಟೋಗಳ ದೊಡ್ಡ ಸಂಗ್ರಹ ಆನ್‌ಲೈನ್‌ನಲ್ಲೇ ಇದೆ. ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆತನಗಳವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಚರ್ಚಿನ ನಮೂದುಗಳನ್ನು ಹುಡುಕಬಹುದು.

ಆನ್‌ಲೈನ್ ಅಂದಾಗ ಎಲ್ಲರಿಗೂ ಒಂದು ಆಸೆ ಇರುತ್ತೆ, ಹೆಸರು ಟೈಪ್ ಮಾಡಿದರೆ ವಂಶವೃಕ್ಷ ಬಂದುಬಿಡುತ್ತೆ ಅಂತ. ಬರಲ್ಲ. ಆದರೆ ಬೇರೆ ಉಪಯೋಗ ಬಹಳ ಇದೆ. ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಪೋರ್ಟಲ್‌ನಲ್ಲಿ ದೆಹಲಿಯ ಕಡತಗಳ ಸೂಚಿ ಹುಡುಕಬಹುದು, ಸ್ಕ್ಯಾನ್ ಆದದ್ದನ್ನು ಮನೆಯಲ್ಲೇ ಓದಬಹುದು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್, ಹಯವದನರಾಯರ ಗೆಜೆಟಿಯರ್, 1880ರ ದಶಕದ ಬೊಂಬಾಯಿ ಗೆಜೆಟಿಯರಿನ ಧಾರವಾಡ, ಬೆಳಗಾವಿ, ಬಿಜಾಪುರ, ಕೆನರಾ ಸಂಪುಟಗಳು, ಎಪಿಗ್ರಾಫಿಯಾ ಕರ್ನಾಟಿಕದ ಶಾಸನ ಸಂಪುಟಗಳು ಸಿಗುತ್ತವೆ. ಇವುಗಳಲ್ಲಿ ನಿಮ್ಮ ಅಜ್ಜನ ಹೆಸರು ಇರೋದಿಲ್ಲ, ನಿಮ್ಮ ಊರಿನ ಹೆಸರು ಇರುತ್ತೆ. ಆ ಊರು ಆಗ ಯಾವ ತಾಲ್ಲೂಕಿನಲ್ಲಿತ್ತು ಅನ್ನೋದು ಗೊತ್ತಾದರೇನೇ ಪತ್ರಾಗಾರದಲ್ಲಿ ಯಾವ ಕಟ್ಟು ಕೇಳಬೇಕು ಅಂತ ತಿಳಿಯೋದು. ಹುಡುಕುವಾಗ ಇಂಗ್ಲಿಷಿನ ಹಳೇ ಕಾಗುಣಿತವನ್ನೇ ಹಾಕಿ. ಶಿವಮೊಗ್ಗ ಅಂದರೆ ಸಿಗಲ್ಲ, ಶಿಮೋಗಾ ಅನ್ನಬೇಕು. ಧಾರವಾಡ ಅಲ್ಲ, ಧಾರ್ವಾರ್. ಮಡಿಕೇರಿ ಅಲ್ಲ, ಮರ್ಕಾರಾ.

1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ವರದಿಗಳನ್ನೂ ಮರೀಬೇಡಿ. ನಿಮ್ಮ ತಾಲ್ಲೂಕಿನಿಂದ ಹೋದವರು ಯಾರು, ಯಾವ ಕೆರೆ ರಿಪೇರಿಗೆ ಬೇಡಿಕೆ ಇಟ್ಟರು ಅನ್ನೋದು ಅಲ್ಲಿ ಅಚ್ಚಾಗಿದೆ. ಇನ್ನೂ ಹಿಂದಕ್ಕೆ, 1800ರ ಸುಮಾರಿಗೆ ಹೋಗಬೇಕಾದರೆ ಕಾಲಿನ್ ಮೆಕೆಂಜಿ ಊರೂರಿನಿಂದ ಸಂಗ್ರಹಿಸಿದ ಕೈಫಿಯತ್ತುಗಳಿವೆ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳ ದೊಡ್ಡ ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದಿದೆ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ಬೆಂಗಳೂರಿನ ಮಿಥಿಕ್ ಸೊಸೈಟಿ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಇಂಥ ಕಡೆ ಹೋಗಿ ಗ್ರಂಥಪಾಲಕರನ್ನು ಮಾತಾಡಿಸಿ. ಗೂಗಲ್‌ಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಮನೆತನ ಹುಡುಕಲು ಹೊರಟವರಲ್ಲಿ ಕೆಲವರಿಗೆ ಉತ್ತರ ಮೊದಲೇ ಗೊತ್ತಿರುತ್ತೆ: ನಾವು ರಾಜವಂಶದವರು! ಆಮೇಲೆ ಅದಕ್ಕೆ ಬೇಕಾದ ಕಾಗದ ಹುಡುಕೋದು. ವಾಟ್ಸಾಪಿನಲ್ಲಿ ಬರುವ ಎಷ್ಟೋ ವಂಶಾವಳಿಗಳು ಇಂಥವೇ. ಕಾಗದವೂ ಸುಳ್ಳು ಹೇಳುತ್ತೆ ಅನ್ನೋದು ನೆನಪಿರಲಿ. ಕಂದಾಯ ತಪ್ಪಿಸಲು ಹೊಲ ಬೇರೆಯವರ ಹೆಸರಿನಲ್ಲಿ ಬರೆಸಿದವರಿದ್ದಾರೆ. ಕೈಫಿಯತ್ತು ಹೇಳಿದವರು ತಮ್ಮ ಮನೆತನವನ್ನು ಒಂದು ಮೆಟ್ಟಿಲು ಮೇಲಕ್ಕೇರಿಸಿ ಹೇಳಿರಬಹುದು. ಎರಡು ಬೇರೆ ಬೇರೆ ಕಡೆಯ ದಾಖಲೆ ಒಂದೇ ಮಾತು ಹೇಳುವವರೆಗೆ ಪೆನ್ಸಿಲಿನಲ್ಲೇ ಬರೀರಿ, ಪೆನ್ನಿನಲ್ಲಿ ಬೇಡ.

ವಂಶವೃಕ್ಷ ಅನ್ನೋದು ನಮ್ಮಲ್ಲಿ ಬರೀ ಹವ್ಯಾಸವೂ ಅಲ್ಲ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರದ ಮೇಲೆ ಆಸ್ತಿ ಪಾಲಾಗುತ್ತೆ, ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣು ಮಕ್ಕಳಿಗೂ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೂ ಅಣ್ಣತಮ್ಮಂದಿರು ಬರೆಸುವ ವೃಕ್ಷದಲ್ಲಿ ಅಕ್ಕತಂಗಿಯರ ಕೊಂಬೆ ಮಾಯವಾದ ಪ್ರಕರಣಗಳು ಕೋರ್ಟಿಗೆ ಬರ್ತಾನೇ ಇವೆ. ಹಾಗಾಗಿ ನೀವು ಬರೆಯುವ ವಂಶವೃಕ್ಷದಲ್ಲಿ ಅಜ್ಜಿಯ ಹೆಸರು, ಅವಳ ತವರೂರು, ಅತ್ತೆಯರ ಹೆಸರು, ಚಿಕ್ಕಂದಿನಲ್ಲೇ ಹೋದ ಮಕ್ಕಳ ಹೆಸರು ಎಲ್ಲವೂ ಇರಲಿ. ಶ್ಯಾನುಭೋಗರು ಬಿಟ್ಟದ್ದನ್ನು ನಾವೂ ಬಿಟ್ಟರೆ ನಾವು ಓದಿ ಏನು ಬಂತು?

ಸರ್ಕಾರಕ್ಕೆ ಹೇಳಬೇಕಾದ್ದು ಒಂದೇ. ತಾಲ್ಲೂಕು ಕಚೇರಿಗಳ ಹಳೇ ಕಡತ ಸ್ಕ್ಯಾನ್ ಮಾಡುವ ಭೂಸುರಕ್ಷಾ ಯೋಜನೆ ನಡೀತಿದೆ, ಒಳ್ಳೇದು. ಅದರ ಜೊತೆಗೆ ಚೆನ್ನೈ, ಮುಂಬೈ, ಪುಣೆ, ಹೈದರಾಬಾದಿನಲ್ಲಿರುವ ಕನ್ನಡ ಜಿಲ್ಲೆಗಳ ಕಡತಗಳ ಒಂದು ಸಮಗ್ರ ಸೂಚಿ ಕನ್ನಡದಲ್ಲಿ ಎಲ್ಲರ ಕೈಗೆ ಸಿಗುವ ಹಾಗೆ ಬರಲಿ. ಮೂಲ ಕಾಗದ ಇಲ್ಲಿಗೇ ತರಬೇಕು ಅಂತ ಜಗಳ ಬೇಡ. ಏನಿದೆ, ಎಲ್ಲಿದೆ, ಯಾವ ಕಟ್ಟಿನಲ್ಲಿದೆ ಅನ್ನೋ ಪಟ್ಟಿ ಸಾಕು. ನಾಡನ್ನು ಒಂದು ಮಾಡಲು ಹಿರಿಯರು ದಶಕಗಟ್ಟಲೆ ಹೋರಾಡಿದರು. ಅದರ ನೆನಪನ್ನು ಒಂದು ಕಡೆ ಪಟ್ಟಿ ಮಾಡೋದು ಅಷ್ಟು ದೊಡ್ಡ ಹೋರಾಟವೇನಲ್ಲ.

ಪತ್ರಾಗಾರಗಳು ನಾಳೆಯೂ ಇರುತ್ತವೆ. ಮನೆಯ ಹಿರಿಯರು ಇರುತ್ತಾರೆ ಅಂತ ಹೇಳಕ್ಕಾಗಲ್ಲ. ನಿರೂಪಕನೊಬ್ಬ ಹೇಳಬಾರದ ಮಾತು ಇದು, ಆದರೂ ಹೇಳ್ತೀನಿ: ಇವತ್ತು ರಾತ್ರಿ ಊಟ ಆದ ಮೇಲೆ ಟೀವಿ ಆಫ್ ಮಾಡಿ. ಒಂದು ನೋಟ್‌ಬುಕ್ ತಗೊಂಡು ಅಜ್ಜಿಯ ಪಕ್ಕ ಕೂತುಕೊಳ್ಳಿ. ಮೊದಲು ಅವಳ ಅಮ್ಮನ ಹೆಸರು ಕೇಳಿ ಬರ್ಕೊಳ್ಳಿ. ಕಂದಾಯದ ಪ್ರಶ್ನೆ ಆಮೇಲೆ ಕೇಳಿದರಾಯ್ತು.